ರಟ್ಟಿನ ಕಂಪ್ಯೂಟರ್

ಎಂಬತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನ ನೇಕಾರರ ಸಂಘವೊಂದಕ್ಕೆ ಕಂಪ್ಯೂಟರ್ ಬಂತು. ಅದನ್ನು ಪಳಗಿಸಲು ಬಾಗಲಕೋಟೆಯಿಂದ ನಾನು ಬಂದೆ. ಸಂಘದ ಅಧ್ಯಕ್ಷರು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿಬಿಟ್ಟರು: “ನೋಡ ತಂಗಿ, ಸೋಮವಾರ ನಮ್ಮ ಮಂದಿನ ಇದನ್ನ ನಡಸಬೇಕು. ಇಲ್ಲಂದ್ರ ಪೆಟ್ಟಿಗಿನೂ ವಾಪಸ್, ನೀನೂ ವಾಪಸ್.” ನನ್ನ ಮೊದಲ ನೌಕರಿ ಅದು.

ಸೀರೆಯ ಆರ್ಡರ್ ಬರೆದುಕೊಳ್ಳುವ ಪರದೆಗಳನ್ನು ನಾನು ಮಾಡಬೇಕಿತ್ತು. ಕೈಪಿಡಿಯಲ್ಲಿ ನಿಯಮಗಳಿದ್ದವು: ಒಂದು ಪರದೆಗೆ ಒಂದೇ ಕೆಲಸ, ಹೊರಬರಲು ದಾರಿ ಇರಲೇಬೇಕು, ಪ್ರೋಗ್ರಾಮ್ ಬರೆಯುವ ಮೊದಲು ಕಾಗದದ ಮೇಲೆ ಮಾಡಿ ನೋಡಬೇಕು. ಸರಿ, ಸೀರೆ ಡಬ್ಬಿಗಳ ರಟ್ಟು ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ಪರದೆ ಬರೆದೆ. ಸಂಘದಲ್ಲಿ ಆರ್ಡರ್ ತೆಗೆದುಕೊಳ್ಳುತ್ತಿದ್ದ ಅಕ್ಕನನ್ನು ಎದುರಿಗೆ ಕೂರಿಸಿ, “ಅಕ್ಕಾರ, ನಾನ ಕಂಪ್ಯೂಟರ್ ಅಂತ ತಿಳೀರಿ” ಎಂದೆ. ಅವರು ಬೆರಳಿಟ್ಟಂತೆ ನಾನು ರಟ್ಟು ಬದಲಿಸುತ್ತ ಹೋದೆ.

ದಡಿ, ಸೆರಗು, ಬಣ್ಣ, ಎಲ್ಲ ಸಲೀಸು. ಕೊನೆಯ ರಟ್ಟಿನಲ್ಲಿ ಎರಡೇ ಮಾತು: ‘ಇನ್ನೊಂದು ಸೀರೆ’, ‘ಹೋಗು’. ‘ಹೋಗು’ ಒತ್ತಿದರಷ್ಟೇ ದಿನದ ಕೆಲಸ ಫ್ಲಾಪಿಯಲ್ಲಿ ಉಳಿಯುವುದು. ಅಕ್ಕ ಮಾತ್ರ ಇನ್ನೊಂದು ಸೀರೆ, ಮತ್ತೂ ಒಂದು ಸೀರೆ! ನನ್ನ ಸಿಟ್ಟೋ, ಮೂಗಿನ ತುದಿಯಲ್ಲೇ ಇರುವಂಥದ್ದು.

“ಹೋಗು ಒತ್ತಿ ಮುಗಸ್ರಲಾ ಅಕ್ಕಾರ!”

“ಬಿಡ್ತು ಅನ್ನ! ದೀಪಾ ಹಚ್ಚೋ ಹೊತ್ತಿನ್ಯಾಗ, ಮಾಡಿದ ಕೆಲಸಕ್ಕ ಹೋಗು ಅಂತಾರೇನ? ನೀ ಮನಿ ಬಿಡುಮುಂದ ನಿಮ್ಮವ್ವಗ ಹೋಗ್ತೇನಿ ಅಂದ ಬಂದಿ ಏನ?”

ನಗು ತಡೆಯಲಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವ್ವನಿಗೆ ‘ಬರ್ತೇನಿ’ ಎಂದೇ ಹೇಳಿ ಬಂದವಳು ನಾನು. ಆ ರಟ್ಟನ್ನು ಹರಿದು ಹೊಸದರಲ್ಲಿ ‘ಬರ್ತೇನಿ’ ಎಂದು ಬರೆದೆ. ಅಕ್ಕ ಟಪ್ಪನೆ ಒತ್ತಿದರು. ಕಂಪ್ಯೂಟರ್ ಆಗಿದ್ದ ನನ್ನ ಬಾಯಿಂದ ತಾನಾಗಿಯೇ ಬಂತು: “ಹೋಗಿ ಬರ್ರಿ!” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದನ್ನೂ ಪ್ರೋಗ್ರಾಮಿಗೆ ಸೇರಿಸಿದೆ. ಆ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ; ದಡಿಯ ಚಿತ್ತಾರ ಬರೆಯುವ ಗ್ರಾಫ್ ಹಾಳೆಯಲ್ಲೇ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ಕೂಡಿಸಿದೆ.

ಸೋಮವಾರ ಅಕ್ಕ ಕಂಪ್ಯೂಟರಿನ ಮುಂದೆ ಕೂತರು. ಅಧ್ಯಕ್ಷರು ಹಿಂದೆ ಕೈಕಟ್ಟಿ ನಿಂತರು, ಮುಖದಲ್ಲಿ ನಗುವಿನ ಸುಳಿವಿಲ್ಲ. ಆರ್ಡರ್ ಮುಗಿಸಿ ಅಕ್ಕ ‘ಬರ್ತೇನಿ’ ಒತ್ತಿದರು. ಪರದೆಯ ಮೇಲೆ ‘ಹೋಗಿ ಬರ್ರಿ’ ಮೂಡಿತು.

ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಹೋ ಎಂದು ನಕ್ಕುಬಿಟ್ಟರು.

“ಏ ತಂಗಿ, ಇದು ನಮ್ಮ ಮನಿ ಮಗಳಂಗ ಮಾತಾಡತೈತಲ್ಲ! ಹೋಗಿ ಬರ್ರಿ ಅನ್ನೋದನ್ನ ವಾಪಸ್ ಕಳಸಾಕ ಮನಸ ಹ್ಯಾಂಗ ಬರ್ತೈತಿ? ಅದೂ ಇರಲಿ, ನೀನೂ ಇರವಾ.”