ಪಂಪು ಕಲಿತ ಅತ್ತೆ

ನನ್ನ ಮಗಳು ಎರಡು ತಿಂಗಳು ಮೊದಲೇ ಹುಟ್ಟಿದಳು. ಅಳಲಿಲ್ಲ, ಸಣ್ಣಗೆ ನರಳಿದಳು. ಒಂದೊಂದು ಉಸಿರಿಗೂ ಪಕ್ಕೆಗಳು ಒಳಗೆ ಸೇದಿಕೊಳ್ಳುತ್ತಿದ್ದವು. ಶ್ವಾಸಕೋಶ ಇನ್ನೂ ಬಲಿತಿಲ್ಲ ಎಂದ ಡಾಕ್ಟರು ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೂಗಿಗೆ ಗಾಳಿಯ ನಳಿಕೆ ಹಾಕಿದರು.

ಬಿಜಾಪುರದಿಂದ ಅತ್ತೆ ಬಂದರು. ಅವರನ್ನು ಒಳಗೆ ಬಿಡುತ್ತಿರಲಿಲ್ಲ. ದಿನವೆಲ್ಲ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಎರಡನೆಯ ವಾರ ನಳಿಕೆ ತೆಗೆದ ಮೇಲೆ, ಕೂಸನ್ನು ಬರಿ ಎದೆಗೆ ಒರಗಿಸಿಕೊಂಡು ಕೂಡಲು ಅಲ್ಲಿನ ಮರಾಠಿ ನರ್ಸ್ ನನಗೆ ಕಲಿಸಿದರು. ಹಾಗೆ ಕೂತರೆ ಕೂಸಿನ ಉಸಿರು ಹದಕ್ಕೆ ಬರುತ್ತದಂತೆ. ಎರಡೇ ದಿನಕ್ಕೆ ನನಗೆ ಜ್ವರ ಬಂತು. ಗಂಡನಿಗೂ ನೆಗಡಿ. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ನರ್ಸ್ ಕೇಳಿದಾಗ ಅತ್ತೆ ಎದ್ದು ನಿಂತರು. ಮೊಣಕೈವರೆಗೆ ಕೈ ತೊಳೆದು, ಬಳೆ ತೆಗೆದಿಟ್ಟು ಒಳಗೆ ಹೋದವರು ಕೂಸನ್ನು ಎದೆಗೆ ಒರಗಿಸಿಕೊಂಡು ಎರಡು ತಾಸು ಅಲುಗಾಡದೆ ಕೂತಿದ್ದರಂತೆ. ಹೀಗೆ ನಾಲ್ಕು ದಿನ.

ಮಗಳು ಮನೆಗೆ ಬಂದಳು, ಬೆಳೆದಳು; ಅತ್ತೆ ನಮ್ಮಲ್ಲೇ ಉಳಿದರು. ಆದರೆ ನಾಲ್ಕು ವರ್ಷವಾದಾಗಿನಿಂದ ಪ್ರತಿ ಚಳಿಗಾಲ ಕೆಮ್ಮು, ಎದೆಯಲ್ಲಿ ಸುಂಯ್ ಎನ್ನುವ ಸದ್ದು. ಬೇಗ ಹುಟ್ಟಿದ ಕೆಲವು ಮಕ್ಕಳಿಗೆ ಹೀಗಾಗುತ್ತದೆ ಎಂದು ಡಾಕ್ಟರು ಔಷಧಿಯನ್ನು ಉಸಿರಿನೊಂದಿಗೆ ಎಳೆದುಕೊಳ್ಳುವ ಪಂಪು, ಅಂದರೆ ಇನ್ಹೇಲರ್, ಬರೆದುಕೊಟ್ಟರು. ಅತ್ತೆ ಒಪ್ಪಲಿಲ್ಲ. ಪಂಪಿನ ಚಟ ಬೀಳುತ್ತದೆ, ಎದೆಗೆ ಅಜವಾನದ, ಅಂದರೆ ಓಮದ ಕಾವು ಕೊಟ್ಟರೆ ಸಾಕು ಎಂದರು. ಒಳಗೊಳಗೇ ಸಿಟ್ಟಾದ ನಾನು ಅವರಿಲ್ಲದಾಗ ಪಂಪು ಕೊಟ್ಟು ಮುಚ್ಚಿಡುತ್ತಿದ್ದೆ.

ಮಗಳು ಶಾಲೆಯ ಒಂದನೇ ಇಯತ್ತೆಯಲ್ಲಿದ್ದಾಗ, ದೀಪಾವಳಿ ಕಳೆದ ವಾರ, ಮಧ್ಯಾಹ್ನ ನಾನು ಖರಾಡಿಯ ಆಫೀಸಿನಲ್ಲಿದ್ದೆ. ಅತ್ತೆಯ ಫೋನ್ ಬಂತು. ಕೂಸಿಗೆ ಒಂದು ಮಾತು ಪೂರ್ತಿ ಆಡಲು ಆಗುತ್ತಿಲ್ಲ ಎಂದರು. ಊರಿನ ಆ ತುದಿಯ ಖರಾಡಿ ಎಲ್ಲಿ, ಈ ತುದಿಯ ಕೋಥರೂಡಿನ ನಮ್ಮ ಮನೆ ಎಲ್ಲಿ! ನಾನು ಬ್ಯಾಗು ಎತ್ತಿಕೊಂಡು ಬಾಗಿಲ ಕಡೆ ಓಡಿದೆ.

ಅತ್ತೆಯ ದನಿ ಮಾತ್ರ ಗಟ್ಟಿಯಾಗಿತ್ತು. “ಪಂಪು ಎಲ್ಲಿ ಮುಚ್ಚಿಟ್ಟೀದಿ ಅಷ್ಟ ಹೇಳು. ಹೆಂಗ ಕೊಡೂದು ಅದನ್ನೂ ಹೇಳು.”

ಇಟ್ಟ ಜಾಗ ತಿಳಿಸಿ, ಕೊಡುವುದನ್ನೂ ಹೇಳುತ್ತಾ ಹೋದೆ: ಅಲುಗಾಡಿಸಿ, ಉದ್ದನೆಯ ಡಬ್ಬಿಗೆ ಸಿಕ್ಕಿಸಿ, ಮಾಸ್ಕು ಮೂಗು-ಬಾಯಿಗೆ ಒತ್ತಿ, ಪಂಪನ್ನು ಒಮ್ಮೆ ಅದುಮಿದ ಮೇಲೆ ನಿಧಾನಕ್ಕೆ ಹತ್ತು ಉಸಿರು. ಅವರು ಗಟ್ಟಿಯಾಗಿ ಎಣಿಸುತ್ತಿದ್ದುದು ನನಗೆ ಕೇಳುತ್ತಿತ್ತು. ಪಕ್ಕದ ಮನೆಯವರು ರಿಕ್ಷಾ ತಂದು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದರು. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಗಳು ಎದ್ದು ಕೂತು ಬಿಸ್ಕೀಟು ಕೇಳುತ್ತಿದ್ದಳು. ಅಜ್ಜಿ ಹೊತ್ತಿಗೆ ಸರಿಯಾಗಿ ಪಂಪು ಕೊಟ್ಟಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು.

ಆಗ ಅತ್ತೆ ತಮ್ಮ ಅರೆಬರೆ ಮರಾಠಿಯಲ್ಲಿ, ಇದು ಚಟ ಆಗುವುದಿಲ್ಲವೇ ಎಂದು ಅವರನ್ನೇ ಕೇಳಿದರು. ಇಲ್ಲ ಆಜಿ, ಔಷಧಿ ತುಸುವೇ, ಹೋಗುವುದು ನೇರ ಎದೆಗೆ ಎಂದು ಡಾಕ್ಟರು ಸಮಾಧಾನದಿಂದ ತಿಳಿಸಿದರು.

ಹೊಗೆ ಕೂಸಿಗೆ ಆಗದೆಂದು ಮರುದಿನದಿಂದ ಅತ್ತೆ ದೇವರ ಮುಂದೆ ಊದುಬತ್ತಿ ಹಚ್ಚುವುದನ್ನು ನಿಲ್ಲಿಸಿದರು. ಬೆಳಿಗ್ಗೆ ಪಂಪು ಕೊಟ್ಟು ಮಗಳಿಗೆ ಬಾಯಿ ಮುಕ್ಕಳಿಸಲು ಹಚ್ಚುವುದು ಅತ್ತೆಯ ಕೆಲಸವಾಯಿತು. ಶಾಲೆಗೂ ತಾವೇ ಹೋಗಿ, ಟೀಚರಿಗೆ ಪಂಪು ಕೊಡುವುದನ್ನು ಮಾಡಿ ತೋರಿಸಿ ಬಂದರು.

ಮಗಳಿಗೀಗ ಹನ್ನೊಂದು. ರವಿವಾರ ನಮಗಿಂತ ಮುಂದೆ ಟೇಕಡಿ ಗುಡ್ಡ ಹತ್ತುತ್ತಾಳೆ. ಹೋದ ತಿಂಗಳು, ಹಿಂದೆ ಅವರು ಪಂಪು ಬೇಡ ಎಂದಾಗ ನನಗೆ ಎಷ್ಟು ಸಿಟ್ಟು ಬಂದಿತ್ತೆಂದು ಅತ್ತೆಗೆ ಹೇಳಿಯೇಬಿಟ್ಟೆ. ನೀವಿರದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದೂ ಹೇಳಿದೆ.

“ನನಗ ಅಂಜಿಕಿ ಇತ್ತವಾ,” ಎಂದರು ಅವರು. “ತಿಳೀಲಾರದಕ್ಕ ಬ್ಯಾಡ ಅಂದೆ. ನೀ ಅವತ್ತ ಫೋನಿನ್ಯಾಗ ಸಮಾಧಾನದಿಂದ ಹೇಳಿಕೊಟ್ಟಿ, ನಾ ಕಲತೆ.”