ಗೂಡಿನ ಗೋಡೆಗೆ ಒತ್ತಿದ ಅಂಗೈ

ನಾನು ಸೈನ್ಯದಿಂದ ನಿವೃತ್ತನಾಗಿ ಮಾಲೂರಿಗೆ ಬಂದ ವಾರದಲ್ಲೇ ಅಪ್ಪ ನನ್ನ ಶೌರ್ಯ ಪದಕಕ್ಕೆ ಕಟ್ಟು ಹಾಕಿಸಿ, ನಮ್ಮ ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ತೂಗುಹಾಕಿದರು. ಕೆಲಸದವರು ಅಪ್ಪನನ್ನು ಯಜಮಾನ್ರು ಅನ್ನುತ್ತಿದ್ದರು, ನನ್ನನ್ನು ಮಿಲಿಟ್ರಿ ಸಾರ್. ಅದರಲ್ಲಿ ಮರ್ಯಾದೆಯೇನೋ ಇತ್ತು, ಆದರೆ ಅದು ಮನೆಗೆ ಬಂದ ನೆಂಟರಿಗೆ ಕೊಡುವಂಥದ್ದು. ಉಳಿದ ಆಯುಷ್ಯವನ್ನೆಲ್ಲ ಅಲ್ಲೇ ಕಳೆಯಬೇಕಾದವನಿಗೆ ನೆಂಟನಾಗಿರುವುದು ಬೇಕಿರಲಿಲ್ಲ.

ಅದಕ್ಕೇ ಬಂದವನೇ ಶಿಸ್ತು ತರಲು ಹೊರಟೆ. ಎಂಟಕ್ಕೆ ಸರಿಯಾಗಿ ಹಾಜರಿ. ಜೇಡಿಮಣ್ಣಿನ ಗುಡ್ಡೆಗಳೂ ಸಾಲಾಗಿ ನಿಲ್ಲಬೇಕು. ಬಗ್ಗದವರು ಹೆಂಚು ಸುಡುವ ಗೂಡಿನ ಮೇಸ್ತ್ರಿ ಒಬ್ಬರೇ. ಗೌನಿಪಲ್ಲಿಯವರು, ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ನಮ್ಮಲ್ಲಿದ್ದವರು. ಹೆಂಚು ಸುಟ್ಟು ಬೆಂಕಿ ಆರಿದ ಮೇಲೆ ದಿನಾ ಬೆಳಿಗ್ಗೆ ಗೂಡಿನ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ಅವರು ಹೂಂ ಅನ್ನುವವರೆಗೆ, ಇಟ್ಟಿಗೆಯಿಂದ ಮುಚ್ಚಿದ ಬಾಗಿಲನ್ನು ಯಾರೂ ಒಡೆಯುವಂತಿರಲಿಲ್ಲ.

ಒಂದು ಸಲ ಹೆಂಚು ಒಯ್ಯಲು ಮುಳಬಾಗಿಲಿಂದ ಲಾರಿ ಬಂದು ನಿಂತಿತ್ತು. ಇನ್ನೂ ಎರಡು ದಿನ ಬಿಡಿ ಅಂದರು ಮೇಸ್ತ್ರಿ. ಕೊಟ್ಟ ಮಾತು ತಪ್ಪಬಾರದು ಎಂಬ ಹಟಕ್ಕೆ ನಾನೇ ನಿಂತು ಬಾಗಿಲು ಒಡೆಸಿದೆ. ಮಾಗಿಯ ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಟಿಣ್ ಟಿಣ್ ಎಂದು ಒಂದೊಂದೇ ಹೆಂಚು ಬಿರಿಯತೊಡಗಿತು. ಗುಂಡಿನ ಸದ್ದಿಗೆ ಹೆದರದವನು ಆ ಸದ್ದಿಗೆ ಬೆವತುಹೋದೆ. ಮೇಸ್ತ್ರಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಊರಿಗೆ ಹೊರಟುಬಿಟ್ಟರು. ಅಪ್ಪನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೆಯ ದಿನ ಬಸ್ಸು ಹತ್ತಿ ಗೌನಿಪಲ್ಲಿಗೆ ಹೋದೆ. ಮೇಸ್ತ್ರಿ ಮಾವಿನ ಗಿಡಗಳಿಗೆ ಪಾತಿ ಮಾಡುತ್ತಿದ್ದರು. ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತೆಲ್ಲ ಮರೆತು, ತಪ್ಪು ನನ್ನದು, ಬಂದು ಕಲಿಸಿ ಎಂದಷ್ಟೇ ಹೇಳಿದೆ. ಅವರು ನನ್ನ ಅಂಗೈಯನ್ನು ತಿರುಗಿಸಿ ನೋಡಿದರು.

"ಕೋವಿ ಹಿಡ್ದು ಹಿಡ್ದು ಜಡ್ಡುಗಟ್ಟೈತೆ ನಾಯನಾ. ಕಾವು ತಿಳಿಯೋಕೆ ಟೈಮ್ ಬೇಕು."

ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು.

ಮೇಸ್ತ್ರಿ ಮರಳಿ ಬಂದ ಮೇಲೆ ಪ್ರತಿ ಗೂಡಿಗೂ ಅವರ ಪಕ್ಕದಲ್ಲಿ ನಾನೂ ಅಂಗೈ ಒತ್ತಿದೆ. ಎಷ್ಟೋ ಸಲ ತಪ್ಪು ಹೇಳಿ ನಗೆಪಾಟಲಾದೆ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮತ್ತೆ ಲಾರಿ ಬಂದು ಕಾಯುತ್ತಿತ್ತು. ಮೇಸ್ತ್ರಿ ಗೋಡೆ ಮುಟ್ಟಲೇ ಇಲ್ಲ, ಕೈಕಟ್ಟಿ ನಿಂತು ನನ್ನ ಮುಖ ನೋಡಿದರು. ನಾನು ಅಂಗೈ ಇಟ್ಟೆ. ಮೊದಲು ತಣ್ಣಗಿತ್ತು. ಹಾಗೇ ಒತ್ತಿ ಹಿಡಿದರೆ ಒಳಗಿಂದ ನಿಧಾನವಾಗಿ ಕಾವು ಬಂತು. ಇವತ್ತು ಬೇಡ ಅಂದೆ.

ಮೇಸ್ತ್ರಿ ಹಾರೆ ಹಿಡಿದು ನಿಂತಿದ್ದವರ ಕಡೆ ತಿರುಗಿದರು.

"ಹಾರೆ ಇಳಿಸ್ರೋ. ಚಿಕ್ಕ ಯಜಮಾನ್ರು ಇವತ್ತು ಬ್ಯಾಡ ಅಂತವ್ರೆ."