ಹೆಲ್ಮೆಟ್ ಮೇಲಿನ ಸೆರಗು

ಇಳಕಲ್ಲಿನ ನಮ್ಮ ಪಕ್ಕದ ಮನೆ ಕಾಕುಗೆ ಐವತ್ತು ದಾಟಿದ ಮೇಲೆ ಹೊಸ ಹುಚ್ಚು ಹಿಡಿಯಿತು. ಹೊಳೆಯಲ್ಲಿ ಈಜು ಕಲಿತಳು. ಮೊಮ್ಮಗಳ ಸ್ಕೇಟಿಂಗ್ ಬೂಟು ಹಾಕಿಕೊಂಡು ಮೊಣಕಾಲು ತರಚಿಕೊಂಡಳು. ಯಾರು ಬೇಡವೆಂದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ನೋಡೇ ಬಿಡೂಣು" ಎನ್ನುತ್ತಿದ್ದಳು.

ಬಾದಾಮಿಯ ಬಂಡೆ ಹತ್ತುವ ದಿನ ನಾನೂ ಜೊತೆಗಿದ್ದೆ. ಕಚ್ಚೆ ಸೀರೆಯ ಮೇಲೆ ಹಗ್ಗ ಕಟ್ಟಿದ ಸೊಂಟಪಟ್ಟಿ, ತಲೆಗೆ ಹೆಲ್ಮೆಟ್. ಕಾಕು ಹಲ್ಲಿಯಂತೆ ಅರ್ಧ ಏರಿದ್ದಳು. ಅಷ್ಟರಲ್ಲಿ ಸುದ್ದಿ ತಿಳಿದ ಅವಳ ಗಂಡನ ಅಣ್ಣ ಬೈಯಲೆಂದೇ ಬಂದು ಕೆಳಗೆ ನಿಂತರು. ಮದುವೆಯಾದಾಗಿನಿಂದ ಕಾಕು ಅವರೆದುರು ಬರಿತಲೆಯಲ್ಲಿ ನಿಂತವಳಲ್ಲ; ಅವರೂ ಅವಳೊಡನೆ ನೇರವಾಗಿ ಮಾತಾಡಿದವರಲ್ಲ. ಅವರನ್ನು ಕಂಡದ್ದೇ ತಡ, ಕಾಕು ಬಂಡೆ ಬಿಟ್ಟು ಎರಡೂ ಕೈಯಿಂದ ಸೆರಗನ್ನು ಹೆಲ್ಮೆಟ್ ಮೇಲೆ ಎಳೆದುಕೊಂಡಳು. ಮರುಕ್ಷಣ ಹಗ್ಗಕ್ಕೆ ಜೋತುಬಿದ್ದು ತೊಟ್ಟಿಲಿನಂತೆ ತೂಗತೊಡಗಿದಳು.

ಹಿರಿಯರ ಮುಖ ಬಿಳಿಚಿಕೊಂಡಿತು. "ತಂಗೆವ್ವಾ, ಸೆರಗ ಬಿಡು, ಮೊದ್ಲ ಕಲ್ಲ ಹಿಡಿ" ಎಂದು ಒದರಿದರು.

ಕಾಕು ಕಲ್ಲು ಹಿಡಿದಳು. ತುದಿ ಮುಟ್ಟಿ, ಸೆರಗು ನೆಟ್ಟಗೆ ಮಾಡಿಕೊಂಡು, ಕೆಳಗೆ ಹಗ್ಗ ಹಿಡಿದಿದ್ದ ತರಬೇತುದಾರನಿಗೆ ಕೂಗಿ ಹೇಳಿದಳು: "ನಮ್ಮ ಭಾವನೋರಿಗೂ ಒಂದ್ ಹಗ್ಗ ಕಟ್ರಿ ಸರ. ನೋಡೇ ಬಿಡೂಣು."

ನಾನು ಹೆದರುತ್ತಲೇ ಹಿರಿಯರತ್ತ ತಿರುಗಿದೆ. ಅವರು ಆಗಲೇ ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟುತ್ತಿದ್ದರು.